ಬಾಗಿಲ ಬದಿಯ ಪೆಟ್ಟಿಗೆ

ಎಂಬತ್ತೊಂಬತ್ತನೇ ಇಸವಿ ಜನವರಿಯ ಕೊನೆಯ ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ಅಂಧೇರಿಯ ಒಂದು ಫಿಲ್ಮ್ ಉಗ್ರಾಣದಲ್ಲಿ ನಾಲ್ಕು ಪೆಟ್ಟಿಗೆಗಳಿಗೆ ಹೊಸ ಸೆಲ್ ಹಾಕಿದೆ. ಬುಧವಾರ ಸಂಜೆ ನಾಲ್ಕಕ್ಕೆ ಎರಡನೆಯ ಪೆಟ್ಟಿಗೆ ಸತ್ತಿತು. ಗುರುವಾರ ಬೆಳಗಾಗುವುದರೊಳಗೆ ಉಳಿದ ಮೂರೂ ಸತ್ತವು. ನನ್ನ ದಿನಚರಿಯ ಆ ಪುಟದಲ್ಲಿ ‘ಮೊದಲ ಸಲ: ಮೂರು ದಿನವೂ ಇಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಆಗ ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ಕೊನೆಯ ವರ್ಷಕ್ಕೊಂದು ಪ್ರಾಜೆಕ್ಟ್ ಮಾಡಬೇಕು. ನನ್ನ ತರಗತಿಯ ಬಹುಪಾಲು ಹುಡುಗರು ಗ್ರಾಂಟ್ ರೋಡಿನಲ್ಲಿಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸಿದ್ಧ ಕಿಟ್ ಕೊಂಡು, ಕಳ್ಳ ಬಂದರೆ ಕೂಗುವ ಅಲಾರಮ್ಮನ್ನೋ ತೊಟ್ಟಿ ತುಂಬಿದರೆ ಬಾರಿಸುವ ಗಂಟೆಯನ್ನೋ ಜೋಡಿಸಿ ಒಪ್ಪಿಸುತ್ತಿದ್ದರು. ನನಗೆ ಅದು ಬೇಡವಾಗಿತ್ತು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕಟ್ಟುವುದರಲ್ಲಿ ಏನು ಸುಖ ಅನ್ನಿಸುತ್ತಿತ್ತು.

ನಿಜವಾದ ಪ್ರಶ್ನೆಯೊಂದು ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲೇ ಸಿಕ್ಕಿತು. ಕೆಳಮನೆಯ ಅಕ್ಕ ಉಡುಪಿ ಕಡೆಯವರು. ಅವರ ಅಣ್ಣ ಆ ಫಿಲ್ಮ್ ಉಗ್ರಾಣದ ಸ್ಟೋರ್‌ಕೀಪರ್. ಒಂದು ಭಾನುವಾರ ರಜೆ ಹಾಕಿ ತಂಗಿಯ ಮನೆಗೆ ಊಟಕ್ಕೆ ಬಂದಿದ್ದವರು ತಮ್ಮ ತಕರಾರು ಹೇಳಿಕೊಂಡರು. ರೀಲಿನ ಡಬ್ಬಗಳು ತಣ್ಣನೆಯ ಕೋಣೆಯಲ್ಲಿರಬೇಕು. ಆದರೆ ದಿನವಿಡೀ ನಾಲ್ಕು ಟ್ರಾಲಿಗಳ ಮೇಲೆ ಅವು ತೊಳೆಯುವ ಕೋಣೆಗೂ ನೋಡುವ ಕೋಣೆಗೂ ಓಡಾಡುತ್ತವೆ, ನಡುವಿನ ಓಣಿಯಲ್ಲಿ ಬಿಸಿಗೆ ನಿಲ್ಲುತ್ತವೆ. “ಓಣಿಯಲ್ಲಿ ರೀಲು ಬೇಯ್ತದೆ ಅಂತ ನಾನು ಹೇಳಿದ್ರೆ ಸೇಠ್ ನಂಬುದಿಲ್ಲ. ಗೋಡೆಯ ಥರ್ಮಾಮೀಟರ್ ತೋರಿಸ್ತಾರೆ. ಅರೆ, ಗೋಡೆ ಎಲ್ಲಿ ತಿರುಗಾಡ್ತದೆ, ತಿರುಗುದು ಟ್ರಾಲಿ ಅಲ್ವಾ?” ಎಂದರು.

ತಿರುಗುವ ವಸ್ತುವಿನ ಬಿಸಿಯನ್ನು ತಂತಿಯಿಲ್ಲದೆ ತಿಳಿಯುವುದು ಹೇಗೆ? ಆ ಪ್ರಶ್ನೆ ಹಿಡಿದುಕೊಂಡೇ ನಾನು ಮಹಡಿ ಹತ್ತಿದೆ. ಮೂರು ತಿಂಗಳಲ್ಲಿ ನಾಲ್ಕು ಪೆಟ್ಟಿಗೆಗಳಾದವು. ಒಂದೊಂದೂ ಊಟದ ಡಬ್ಬಿಯಷ್ಟು ದೊಡ್ಡದು. ಒಳಗೆ ಬಿಸಿ ಅಳೆಯುವ ಒಂದು ಮಣಿ, ಐವತ್ತು ಹೆಜ್ಜೆ ದೂರ ಕೇಳಿಸುವ ಪುಟ್ಟ ಟ್ರಾನ್ಸ್‌ಮಿಟರ್, ನಾಲ್ಕು ಪೆನ್ಸಿಲ್ ಸೆಲ್. ಪ್ರತಿ ಟ್ರಾಲಿಗೆ ಒಂದು. ಸ್ಟೋರ್‌ಕೀಪರ್ ಅಂಕಲ್ ಮೇಜಿನ ಮೇಲೆ ರಿಸೀವರ್. ಅದಕ್ಕೆ ಕಾಲೇಜಿನಿಂದ ಎರವಲು ತಂದ ಪ್ರಿಂಟರ್, ಯಾವ ಪೆಟ್ಟಿಗೆ ಎಷ್ಟು ಹೊತ್ತಿಗೆ ಎಷ್ಟು ಬಿಸಿ ಹೇಳಿತು ಎಂದು ಕಾಗದದ ಸುರುಳಿಯ ಮೇಲೆ ಹೊಡೆಯುತ್ತಿತ್ತು. ಟ್ರಾನ್ಸ್‌ಮಿಟರ್ ಬಳಸುವ ಪರವಾನಗಿಯ ಕಾಗದವನ್ನು ಕಾಲೇಜೇ ತರಿಸಿಕೊಟ್ಟಿತ್ತು.

ನನ್ನ ಗೈಡ್ ಸರ್ ಒಳ್ಳೆಯವರು, ಆದರೆ ಮಾತು ಕಡಿಮೆ. ಅವರ ಷರತ್ತು ಒಂದೇ. ಉಗ್ರಾಣದಲ್ಲಿ ಸೋಮವಾರ ಬೆಳಿಗ್ಗೆ ಮಾತ್ರ ಟ್ರಾಲಿ ತೊಳೆದು ಒರೆಸುತ್ತಾರೆ. ಸೆಲ್ ಬದಲಿಸಲು ಅದೊಂದೇ ಹೊತ್ತು. ಹಾಗಾಗಿ ಒಂದು ಸೋಮವಾರದಿಂದ ಮುಂದಿನ ಸೋಮವಾರದವರೆಗೆ ನಾಲ್ಕೂ ಪೆಟ್ಟಿಗೆ ಬದುಕಿರಬೇಕು. ಮಾರ್ಚ್ ಮುಗಿಯುವುದರೊಳಗೆ ಅದನ್ನು ಅವರು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಇದನ್ನು ಕೈಬಿಟ್ಟು ನಾನೂ ಒಂದು ಅಲಾರಮ್ ಜೋಡಿಸಿ ಒಪ್ಪಿಸಬೇಕು. ಮೊದಲ ಸಲದ ಫಲಿತಾಂಶ ನೋಡಿ ಅವರು ಹೇಳಿದ್ದು ಇಷ್ಟೇ: “ಲ್ಯಾಮಿಂಗ್ಟನ್ ರೋಡ್ ಗೊತ್ತಿದೆ ತಾನೇ?”

ಗುರುವಾರ ಮನೆಯಲ್ಲಿ ಕಾಗದದ ಸುರುಳಿಯನ್ನು ಹಾಸಿಕೊಂಡು ಕೂತೆ. ಮೊದಲು ಕಂಡ ತಪ್ಪು ನನ್ನದೇ. ಪೆಟ್ಟಿಗೆ ಬದುಕಿದೆ ಎಂದು ತೋರಿಸಲು ಒಂದು ಕೆಂಪು ದೀಪ ಇಟ್ಟಿದ್ದೆ. ಲೆಕ್ಕ ಹಾಕಿದರೆ, ಪೆಟ್ಟಿಗೆ ಮಾತಾಡುವುದಕ್ಕಿಂತ ತಾನು ಬದುಕಿದ್ದೇನೆ ಎಂದು ತೋರಿಸಿಕೊಳ್ಳುವುದಕ್ಕೇ ಹೆಚ್ಚು ಶಕ್ತಿ ಹೋಗಿತ್ತು. ದೀಪ ಕಿತ್ತೆ. ನಿಮಿಷಕ್ಕೊಮ್ಮೆ ಮಾತಾಡುತ್ತಿದ್ದುದನ್ನು ಐದು ನಿಮಿಷಕ್ಕೊಮ್ಮೆ ಮಾಡಿದೆ. ಮುಂದಿನ ವಾರ ಒಂದನ್ನು ಮೇಜಿನ ಮೇಲಿಟ್ಟು ನೋಡಿದಾಗ ನಾಲ್ಕೂವರೆ ದಿನ ಬಂತು. ಇನ್ನೂ ಎರಡೂವರೆ ದಿನ ಬೇಕು.

ಆ ಗುರುವಾರವೇ ಸುರುಳಿಯಲ್ಲಿ ಇನ್ನೊಂದು ವಿಚಿತ್ರ ಕಂಡಿತ್ತು. ಹಗಲು ನಾಲ್ಕು ಪೆಟ್ಟಿಗೆಗಳ ಅಂಕಿಗಳು ಒಂದೊಂದು ಕಡೆ ಓಡುತ್ತಿದ್ದವು. ಸಂಜೆ ಆರರಿಂದ ಬೆಳಿಗ್ಗೆ ಒಂಬತ್ತರವರೆಗೆ ಮಾತ್ರ ನಾಲ್ಕೂ ಒಂದೇ ಅಂಕಿ. ಅದೂ ತಣ್ಣನೆಯ ಕೋಣೆಯ ಅಂಕಿಯಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು. ಮೂರು ಸಂಜೆಯೂ ಹಾಗೇ; ಕೊನೆಯ ಸಂಜೆ ಬದುಕಿದ್ದ ಮೂರರದ್ದು ಮಾತ್ರ. ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದಂತೆ ನನಗೆ ಪೆಟ್ಟಿಗೆ ಸತ್ತ ಬೇಸರವೇ ಮರೆತುಹೋಯಿತು. ಮರುದಿನ ಶುಕ್ರವಾರ ಕಾಲೇಜು ಬಿಟ್ಟು, ದಾದರಿನಲ್ಲಿ ಗಾಡಿ ಬದಲಿಸಿ ಅಂಧೇರಿಗೆ ಹೋದೆ.

“ಅಂಕಲ್, ಸಂಜೆ ಆರಕ್ಕೆ ಪೆಟ್ಟಿಗೆಗಳಿಗೆ ಏನಾಗತ್ತೆ?”

“ಎಂತ ಆಗ್ಬೇಕು? ಬಿಚ್ಚಿ ನನ್ನ ಕಪಾಟಿನಲ್ಲಿ ಇಟ್ಟು ಬೀಗ ಹಾಕ್ತೇನೆ. ಕಾಲೇಜಿನ ಮಾಲು ಅಲ್ವಾ ಮಗಾ? ಯಾರಾದ್ರೂ ಎತ್ತಿಕೊಂಡು ಹೋದ್ರೆ ನಾಳೆ ನನ್ನ ತಂಗಿ ನನಗೆ ಊಟ ಹಾಕ್ತಾಳಾ?”

ಮೂರು ರಾತ್ರಿ ನಾನು ಅಳೆದದ್ದು ಅವರ ಕಪಾಟಿನ ಬಿಸಿ! ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಸ್ವಲ್ಪ ಬೇಜಾರಾಯಿತು. ಪೆಟ್ಟಿಗೆಗಳು ಟ್ರಾಲಿಯ ಮೇಲೆಯೇ ಇರಬೇಕೆಂದು ವಿವರಿಸಿದಾಗ, “ಟ್ರಾಲಿಗಳೂ ಆರರ ಮೇಲೆ ಎಲ್ಲಿಗೂ ಹೋಗುದಿಲ್ಲ. ಇಲ್ಲೇ ಸಾಲಾಗಿ ನಿಲ್ತಾವೆ, ನೋಡು” ಎಂದು ತಣ್ಣನೆಯ ಕೋಣೆಯ ಬಾಗಿಲು ತೆಗೆದು ತೋರಿಸಿದರು. ಗೋಡೆಯಿಂದ ಬಾಗಿಲವರೆಗೆ ನಾಲ್ಕು ಟ್ರಾಲಿ, ಒಂದಕ್ಕೊಂದು ತಗುಲಿಕೊಂಡು ನಿಂತಿದ್ದವು.

ಹಾಗಾದರೆ ದಿನದ ಹದಿನೈದು ಗಂಟೆ ನಾಲ್ಕು ಪೆಟ್ಟಿಗೆಗಳು ಅಕ್ಕಪಕ್ಕ ಕೂತು ಒಂದೇ ಮಾತನ್ನು ನಾಲ್ಕು ಸಲ ಹೇಳುತ್ತವೆ. ಒಂದು ಎಚ್ಚರವಿದ್ದರೆ ಸಾಕು, ಮೂರು ಮಲಗಬಹುದು. ಆದರೆ ಯಾವುದು ಮಲಗಬೇಕೆಂದು ಅವಕ್ಕೆ ತಿಳಿಯುವುದು ಹೇಗೆ? ಪ್ರತಿ ಪೆಟ್ಟಿಗೆಗೂ ಒಂದು ಸಣ್ಣ ರಿಸೀವರ್ ಕೊಟ್ಟು, ಪಕ್ಕದ್ದು ಮಾತಾಡುತ್ತಿದೆಯೇ ಎಂದು ಕೇಳಿಸಿಕೊಳ್ಳುವಂತೆ ಮಾಡೋಣ ಎಂದುಕೊಂಡೆ. ಮನೆಯಲ್ಲಿ ಊಟದ ಹೊತ್ತಿಗೆ ಅಮ್ಮನಿಗೆ ಅದನ್ನು ಹೇಳಿದೆ.

ಅಮ್ಮ ಮೈಸೂರಿನವರು, ಸರ್ಕ್ಯೂಟಿನ ಗೊಡವೆ ಇಲ್ಲದವರು. ಆದರೆ ಮಲಗುವ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಆ ವರ್ಷ ನಮ್ಮ ಬಿಲ್ಡಿಂಗಿಗೆ ನೀರು ಬರುತ್ತಿದ್ದುದು ಮಧ್ಯಾಹ್ನ. ಒಂದರಿಂದ ನಾಲ್ಕರ ನಡುವೆ ಯಾವಾಗಲೋ ಬಂದು ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತಿತ್ತು. ಮೊದಲು ಆರು ಮನೆಯ ಹೆಂಗಸರೂ ನಲ್ಲಿ ಬಿಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ತಲೆಯಿಟ್ಟು ಮಲಗುತ್ತಿದ್ದರು.

“ಕಿವಿ ನಲ್ಲಿ ಕಡೆ ಇಟ್ಕೊಂಡು ಮಲಗಿದ್ರೆ ಅದು ನಿದ್ದೆನಾ? ಎದ್ದಾಗ ಇನ್ನೂ ಸುಸ್ತು. ನಿನ್ನ ಪೆಟ್ಟಿಗೆಗೂ ಅಷ್ಟೇ. ಕೇಳಿಸ್ಕೊಳ್ತಾ ಇರು ಅಂತ ಹೇಳಿ ಮಲಗಿಸಿದ್ರೆ ಅದೆಲ್ಲಿ ಮಲಗತ್ತೆ?” ಎಂದರು.

ಅಳೆದು ನೋಡಿದೆ. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಸುಮ್ಮನೆ ಕೇಳುತ್ತಾ ಕೂತ ರಿಸೀವರ್, ಮಾತಾಡುವ ಟ್ರಾನ್ಸ್‌ಮಿಟರಿಗಿಂತ ಹೆಚ್ಚು ಶಕ್ತಿ ತಿನ್ನುತ್ತಿತ್ತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಅದರ ಬದಲು ಆಯಸ್ಕಾಂತ ಹಿಡಿದೆ. ಗಾಜಿನ ಪುಟ್ಟ ನಳಿಗೆಯೊಳಗೆ ಎರಡು ಸಣ್ಣ ಪಟ್ಟಿಗಳಿರುವ ಒಂದು ಸ್ವಿಚ್ ಸಿಗುತ್ತದೆ. ಆಯಸ್ಕಾಂತ ಹತ್ತಿರ ಬಂದರೆ ಅವು ಕೂಡಿಕೊಳ್ಳುತ್ತವೆ, ತಿನ್ನುವುದು ಏನೂ ಇಲ್ಲ. ಪ್ರತಿ ಟ್ರಾಲಿಯ ಬಾಗಿಲ ಕಡೆಯ ಬದಿಗೆ ಸ್ವಿಚ್, ಗೋಡೆ ಕಡೆಯ ಬದಿಗೆ ಆಯಸ್ಕಾಂತ. ಬಾಗಿಲ ಕಡೆ ಇನ್ನೊಂದು ಟ್ರಾಲಿ ಬಂದು ತಗುಲಿದರೆ ಪೆಟ್ಟಿಗೆ ಮಲಗುತ್ತದೆ. ಸಾಲಿನ ಕೊನೆಯಲ್ಲಿ ಬಾಗಿಲ ಪಕ್ಕ ನಿಂತದ್ದಕ್ಕೆ ಆ ಕಡೆ ಯಾರೂ ಇಲ್ಲ, ಅದು ಎಚ್ಚರವಿರುತ್ತದೆ. ಬೆಳಿಗ್ಗೆ ಟ್ರಾಲಿಗಳು ಬೇರೆಯಾದ ಕೂಡಲೇ ಎಲ್ಲವೂ ಏಳುತ್ತವೆ. ಇದು ಹೊಳೆದ ದಿನ ದಿನಚರಿಯಲ್ಲಿ ಲೆಕ್ಕದ ಬದಲು ಬರೀ ಒಂದು ಚಿತ್ರ ಇದೆ.

ಎರಡನೆಯ ಸಲ ಫೆಬ್ರವರಿ ನಡುವಿನ ಸೋಮವಾರ ಶುರು ಮಾಡಿದೆ. ಶುಕ್ರವಾರ ಸಂಜೆಗೆ ನಾಲ್ಕನೆಯ ಪೆಟ್ಟಿಗೆ ಸತ್ತಿತು. ಉಳಿದ ಮೂರು ಗಟ್ಟಿಯಾಗಿದ್ದವು.

“ನಾಲ್ಕನೇ ಟ್ರಾಲಿ ದಿನಾ ಬಾಗಿಲ ಹತ್ತಿರವೇ ಇತ್ತಾ ಅಂಕಲ್?”

“ಅಲ್ಲದೆ? ಬೆಳಿಗ್ಗೆ ಮೊದಲು ಹೋಗುದು ಅದೇ. ಹದಿನೆಂಟು ವರ್ಷದಿಂದ ಅದರ ಜಾಗ ಅದು.”

“ಒಂದೊಂದು ದಿನ ಒಂದೊಂದು ಟ್ರಾಲಿ ಬಾಗಿಲಿಗೆ ನಿಲ್ಲಿಸಬಹುದಾ?”

ಅವರು ನನ್ನನ್ನು ನೋಡಿದ ರೀತಿ, ಊಟದ ಎಲೆಯನ್ನು ತಿರುಗಿಸಿ ಹಾಕಲೇ ಎಂದು ಕೇಳಿದ ಹಾಗಿತ್ತು. “ಟ್ರಾಲಿ ಅಲುಗಾಡುದಿಲ್ಲ ಮಾರಾಯ್ತಿ. ಬೇಕಾದ್ರೆ ನಿನ್ನ ಪೆಟ್ಟಿಗೆ ಬದಲಿಸ್ತೇನೆ. ಆ ಟ್ರಾಲಿದು ಈ ಟ್ರಾಲಿಗೆ. ಅಷ್ಟೇ ಅಲ್ವಾ ಬೇಕಾದ್ದು?”

ಅಷ್ಟೇ ಬೇಕಾದದ್ದು. ಸ್ವಿಚ್ಚು, ಆಯಸ್ಕಾಂತ ಟ್ರಾಲಿಯಲ್ಲೇ ಇದ್ದವು. ಪೆಟ್ಟಿಗೆಯನ್ನು ಎರಡು ಪಿನ್ನಿನ ಪ್ಲಗ್ಗಿನಿಂದ ಕಳಚಿ ಹಾಕಬಹುದಿತ್ತು. ಸಂಜೆ ಬದಲಿಸಿದ್ದನ್ನು ಬೆಳಿಗ್ಗೆ ಮತ್ತೆ ಅದರದರ ಟ್ರಾಲಿಗೇ ಹಾಕುವುದು. ಯಾವ ಸಂಜೆ ಯಾವ ಪೆಟ್ಟಿಗೆ ಎಲ್ಲಿ ಹೋಯಿತೆಂದು ಅವರು ಬರೆದಿಟ್ಟರೆ ಸುರುಳಿಯ ಅಂಕಿಗಳನ್ನು ನಾನು ಹೊಂದಿಸಿಕೊಳ್ಳಬಹುದಿತ್ತು. ಮೂರನೆಯ ಸಲಕ್ಕೆ ನಾನು ಪಟ್ಟಿ ಬರೆದುಕೊಟ್ಟೆ: ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು, ಗುರುವಾರ ನಾಲ್ಕು, ಮತ್ತೆ ಒಂದು, ಎರಡು, ಮೂರು. ಅವರು ಒಂದು ದಿನವೂ ತಪ್ಪಿಸಲಿಲ್ಲ. ಮಾರ್ಚ್ ಮೊದಲ ವಾರದ ಭಾನುವಾರ ಬೆಳಿಗ್ಗೆ, ಇನ್ನೊಂದೇ ದಿನ ಇರುವಾಗ, ಎರಡನೆಯ ಪೆಟ್ಟಿಗೆ ಸತ್ತಿತು.

ಇನ್ನು ಉಳಿದದ್ದು ಒಂದು ಅವಕಾಶ ಮಾತ್ರ. ಬರುವ ವಾರ ಪರೀಕ್ಷೆಗೆ ಓದು, ಅದರ ಮುಂದಿನ ವಾರ ಪರೀಕ್ಷೆ, ಆಮೇಲಿನ ಸೋಮವಾರದಿಂದ ಒಂದು ವಾರ, ಆಮೇಲೆ ಮಾರ್ಚ್ ಮುಗಿಯಿತು.

ಪರೀಕ್ಷೆಗೆ ಓದಲು ಮನೆಯಲ್ಲಿದ್ದ ಒಂದು ಮಧ್ಯಾಹ್ನ ಕೆಳಗಿನ ನಲ್ಲಿಯ ಹತ್ತಿರ ಕೆಳಮನೆಯ ಅಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನೀರು ಕಾಯುವುದಕ್ಕೆ ಹೆಂಗಸರು ಪಾಳಿ ಮಾಡಿಕೊಂಡಿದ್ದರು. ಬಿಟ್ಟ ನಲ್ಲಿಯ ಕೆಳಗೆ ಸ್ಟೀಲ್ ತಟ್ಟೆ ಕವುಚಿಟ್ಟು ಒಬ್ಬರು ಕೂರುವುದು. ನೀರು ತಟ್ಟೆಗೆ ಬಿದ್ದ ಕೂಡಲೇ ಮೇಲಕ್ಕೆ ಹೋಗುವ ಪೈಪಿಗೆ ಸೌಟಿನಿಂದ ಮೂರು ಪೆಟ್ಟು. ಆರು ಮನೆಗೂ ಕೇಳಿಸುತ್ತಿತ್ತು. ಐದು ಮನೆ ನಿಶ್ಚಿಂತೆಯಾಗಿ ಮಲಗುತ್ತಿತ್ತು. ಪಾಳಿಯ ಪಟ್ಟಿ ಬರೆದು ಮೆಟ್ಟಿಲ ಗೋಡೆಗೆ ಅಂಟಿಸಿದವಳು ನಾನೇ. ಆರು ಮನೆ, ಆರು ದಿನ, ಭಾನುವಾರ ಗಂಡಸರಿಗೆ.

“ಅಕ್ಕ, ಇವತ್ತು ಬುಧವಾರ. ಬುಧವಾರ ಎರಡನೇ ಮಹಡಿಯವರದಲ್ವಾ?”

“ಅವಳ ಕೂಸಿಗೆ ಇನ್ನೂ ಎರಡು ತಿಂಗಳು. ನಿನ್ನೆ ರಾತ್ರಿ ಇಡೀ ಅಳು. ಅವಳನ್ನು ಕೂರಿಸಿದ್ರೆ ತಟ್ಟೆ ಮೇಲೆ ನೀರಲ್ಲ, ಅವಳೇ ಬೀಳ್ತಾಳೆ.”

“ಮತ್ತೆ ನಿನ್ನೆ?”

“ನಿನ್ನೆ ನಿನ್ನ ಅಮ್ಮ. ಮೊನ್ನೆಯೂ ಅವರೇ. ನನಗೆ ಸೊಂಟ ಹಿಡಿದಿತ್ತು.”

“ಹಾಗಾದ್ರೆ ನನ್ನ ಪಟ್ಟಿ?”

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಪಟ್ಟಿ ಚಂದ ಉಂಟು. ಅಕ್ಷರ ಮುತ್ತಿನ ಹಾಗೆ. ಆದ್ರೆ ನಾವು ಅದನ್ನು ನೋಡುದೇ ಇಲ್ಲ ಮಾರಾಯ್ತಿ! ಊಟ ಆದ ಮೇಲೆ ಮೆಟ್ಟಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡ್ತೇವೆ. ಯಾರ ಮುಖ ಗೆಲುವಾಗಿ ಉಂಟೋ ಅವರು ಕೂರುದು.”

ನಾನು ಮೇಲೆ ಓಡಿಹೋಗಿ ದಿನಚರಿ ತೆಗೆದೆ. ಮೂರು ಸಲದ ಲೆಕ್ಕವೂ ಅದರಲ್ಲಿತ್ತು, ಆದರೆ ನಾನು ದಿನಗಳನ್ನು ಎಣಿಸಿದ್ದೆನೇ ಹೊರತು ಪೆಟ್ಟಿಗೆಗಳ ಮುಖ ನೋಡಿರಲಿಲ್ಲ. ಮೊದಲ ಸಲ ಎಲ್ಲರಿಗಿಂತ ಮುಂಚೆ ಸತ್ತದ್ದು ಎರಡನೆಯದು. ಮೂರನೆಯ ಸಲವೂ ಅದೇ. ಅದರ ಒಂದು ಟ್ರಾನ್ಸಿಸ್ಟರನ್ನು ಬೇರೆ ಅಂಗಡಿಯಿಂದ ತಂದಿದ್ದೆ. ಅದು ಉಳಿದವುಗಳಿಗಿಂತ ಹೆಚ್ಚು ತಿನ್ನುತ್ತಿತ್ತು. ಏಳು ಸಂಜೆ, ನಾಲ್ಕು ಪೆಟ್ಟಿಗೆ. ಮೂವರಿಗೆ ಎರಡೆರಡು ಪಾಳಿ, ಒಬ್ಬರಿಗೆ ಒಂದೇ. ಆ ಒಂದೇ ಪಾಳಿ ಎರಡನೆಯದಕ್ಕೆ ಬರಬೇಕಿತ್ತು. ನನ್ನ ನ್ಯಾಯವಾದ ಪಟ್ಟಿ ಅದನ್ನು ನಾಲ್ಕನೆಯದಕ್ಕೆ ಕೊಟ್ಟಿತ್ತು.

ಪಟ್ಟಿ ತಿದ್ದಿ ಬರೆಯೋಣ ಎಂದುಕೊಂಡವಳು ನಿಲ್ಲಿಸಿದೆ. ಹೊಸ ಪಟ್ಟಿಯೂ ಪಟ್ಟಿಯೇ. ಪ್ರತಿ ಪೆಟ್ಟಿಗೆಯ ಮೈಗೆ ಮೀಟರಿನ ಎರಡು ತಂತಿ ತಾಗಿಸಲು ಜಾಗ ಮಾಡಿದೆ. ಸೆಲ್ಲಿನಲ್ಲಿ ಉಳಿದ ಕಸುವು ತೋರಿಸುವ ಮುಳ್ಳಿನ ಮೀಟರೊಂದನ್ನು ಅಂಧೇರಿಗೆ ಒಯ್ದು ಅಂಕಲ್ ಕೈಗೆ ಕೊಟ್ಟೆ. ಸಂಜೆ ಆರಕ್ಕೆ ನಾಲ್ಕಕ್ಕೂ ತಾಗಿಸಿ ನೋಡುವುದು, ಯಾವುದರ ಮುಳ್ಳು ಹೆಚ್ಚು ಏರುತ್ತದೋ ಅದನ್ನು ಬಾಗಿಲ ಬದಿಗೆ ಹಾಕುವುದು.

“ಡಾಕ್ಟರ್ ಕೆಲಸ ಕೊಟ್ಟೆ” ಎಂದು ಅವರು ಮೀಟರನ್ನು ಕುತ್ತಿಗೆಗೆ ನೇತುಹಾಕಿಕೊಂಡರು.

ಕೊನೆಯ ಸಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು. ಪ್ರತಿ ಸಂಜೆ ಏಳಕ್ಕೆ ಅವರು ತಂಗಿಯ ಮನೆಗೆ ಫೋನ್ ಮಾಡಿ ಮುಳ್ಳಿನ ನಾಲ್ಕು ಅಂಕಿ ಹೇಳುತ್ತಿದ್ದರು, ಅಕ್ಕ ಕೆಳಗಿನಿಂದ ಕೂಗುತ್ತಿದ್ದರು, ನಾನು ಮೆಟ್ಟಿಲಲ್ಲಿ ನಿಂತು ಬರೆದುಕೊಳ್ಳುತ್ತಿದ್ದೆ. ಸೋಮವಾರ ನಾಲ್ಕನೆಯದು, ಮಂಗಳವಾರ ಒಂದನೆಯದು, ಬುಧವಾರ ಮೂರನೆಯದು. ಎಲ್ಲ ಸರಿಯಾಗಿತ್ತು.

ಗುರುವಾರದ ಫೋನು ಬೇರೆ ಸುದ್ದಿ ತಂದಿತು. ಮೂರನೆಯ ಟ್ರಾಲಿಯ ಚಕ್ರ ಮುರಿದು ಅದು ಓಣಿಯಲ್ಲೇ ನಿಂತಿತ್ತು. ಒಂಟಿಯಾಗಿ ನಿಂತ ಟ್ರಾಲಿಯ ಪೆಟ್ಟಿಗೆ ಮಲಗುವುದಿಲ್ಲ. ಅತ್ತ ಸಾಲಿನ ಬಾಗಿಲಿಗೂ ಒಂದು ಎಚ್ಚರವಿರಬೇಕು. ಒಂದು ಸಂಜೆಗೆ ಎರಡು ಪಾಳಿ! ನಾನು ಬರೆದ ಯಾವ ಪಟ್ಟಿಯಲ್ಲೂ ಇದಕ್ಕೆ ಉತ್ತರವಿರುತ್ತಿರಲಿಲ್ಲ.

“ಚಿಂತೆ ಮಾಡಬೇಡ ಅಂತ ಅಣ್ಣ ಹೇಳ್ತಾನೆ” ಎಂದು ಅಕ್ಕ ಕೆಳಗಿನಿಂದ ಕೂಗಿದರು. “ಅಲ್ಲಿ ಇದ್ದ ಮೂರನೇದನ್ನು ಅಲ್ಲೇ ಬಿಟ್ಟಿದ್ದಾನಂತೆ. ನಾಳೆಯಿಂದ ಅದಕ್ಕೆ ರಜೆಯಂತೆ. ಬಾಗಿಲಿಗೆ ಒಂದನೇದು. ಎರಡನೇದರ ಮುಖ ಬಾಡಿದೆಯಂತೆ, ಅದನ್ನು ಮುಟ್ಟುದಿಲ್ಲವಂತೆ.”

ಶುಕ್ರವಾರ ಚಕ್ರ ಸರಿಯಾಗಿ ಮೂರನೆಯ ಟ್ರಾಲಿ ಸಾಲಿಗೆ ಮರಳಿತು. ಮುಂದಿನ ಮೂರು ಸಂಜೆ ಮುಳ್ಳು ನೋಡಿ ಅವರು ಆರಿಸಿದ್ದು ಇಷ್ಟು: ಶುಕ್ರವಾರ ನಾಲ್ಕು, ಶನಿವಾರ ಎರಡು, ಭಾನುವಾರ ಮತ್ತೆ ನಾಲ್ಕು. ನಾಲ್ಕನೆಯದಕ್ಕೆ ಮೂರನೇ ಪಾಳಿ. ಲೆಕ್ಕದ ಪ್ರಕಾರ ಅದರ ನಾಲ್ಕೂವರೆ ದಿನದ ಎಚ್ಚರ ಸೋಮವಾರ ಒಂಬತ್ತಕ್ಕೆ ಸರಿಯಾಗಿ ತೀರುತ್ತಿತ್ತು.

ಸೋಮವಾರ ಎಂಟೂಮುಕ್ಕಾಲಕ್ಕೆ ಗೈಡ್ ಸರ್ ಉಗ್ರಾಣಕ್ಕೆ ಬಂದರು. ಪ್ರಿಂಟರಿನ ಪಕ್ಕ ಮೂವರೂ ನಿಂತೆವು. ನಾಲ್ಕನೆಯದು ಎಂಟು ಐವತ್ತಕ್ಕೆ ಮಾತಾಡಿತು. ಎಂಟು ಐವತ್ತೈದಕ್ಕೆ ಮಾತಾಡಿತು. ಟ್ರಾಲಿಗಳು ಬೇರೆಯಾದವು, ಉಳಿದವೂ ಎದ್ದವು. ಒಂಬತ್ತಕ್ಕೆ ಒಂದು, ಎರಡು, ಮೂರರ ಅಂಕಿ ಬಂದವು. ನಾಲ್ಕನೆಯದು ಒಂದು ಗಳಿಗೆ ತಡೆದ ಹಾಗನ್ನಿಸಿತು. ನನ್ನ ಕಣ್ಣಿಗೆ ಮಾತ್ರ ಇರಬಹುದು. ಬಂತು. ಒಂಬತ್ತೂ ಹತ್ತಕ್ಕೆ ಅದು ಸುಮ್ಮನಾಯಿತು.

ಸರ್ ಸುರುಳಿಯನ್ನೆಲ್ಲ ಬಿಚ್ಚಿ ನೋಡಿದರು. “ಪೆಟ್ಟಿಗೆಗಳ ಜಾಗ ದಿನಾ ಬದಲಿಸಿದ್ದು ಯಾರು?” ಎಂದು ಹಿಂದಿಯಲ್ಲಿ ಕೇಳಿದರು. ನಾನು ಅಂಕಲ್ ಕಡೆ ತೋರಿಸಿದೆ. “ಹಾಗಾದರೆ ಇದು ತಾನಾಗಿ ನಡೆಯುವ ವ್ಯವಸ್ಥೆ ಅಲ್ಲ. ಒಬ್ಬ ಮನುಷ್ಯ ನಡೆಸಿದ್ದು” ಎಂದರು.

ಅವರು ಹೇಳಿದ್ದು ನಿಜವಾಗಿತ್ತು. ಲ್ಯಾಮಿಂಗ್ಟನ್ ರೋಡಿನ ಅಂಗಡಿಸಾಲು ಕಣ್ಣ ಮುಂದೆ ಬಂತು.

ಅಂಕಲ್ ಕುತ್ತಿಗೆಯ ಮೀಟರನ್ನು ತೆಗೆಯದೆ ತಮ್ಮ ಉಡುಪಿ ಹಿಂದಿಯಲ್ಲಿ ಹೇಳಿದರು: “ಸಾಬ್, ಟ್ರಾಲಿ ತಾನಾಗಿ ಓಡುತ್ತದಾ? ನಾವು ತಳ್ಳಿದರೆ ಓಡುತ್ತದೆ. ತಳ್ಳಲಿಕ್ಕೆ ಹೇಗೂ ಇದ್ದೇವೆ, ನೋಡಲಿಕ್ಕೆ ಏನು ಕಷ್ಟ? ನನಗೆ ದಿನಕ್ಕೆ ಎರಡು ನಿಮಿಷ. ಓಣಿಯಲ್ಲಿ ರೀಲು ಎಷ್ಟು ಬೇಯುತ್ತದೆ ಅಂತ ಸೇಠರಿಗೆ ತೋರಿಸಲಿಕ್ಕೆ ಇವತ್ತು ನನ್ನ ಕೈಯಲ್ಲಿ ಕಾಗದ ಇದೆ. ಹುಡುಗಿ ಬೇರೆ ಇನ್ನೇನು ಮಾಡಬೇಕಿತ್ತು?”

ಸರ್ ಸುರುಳಿಯನ್ನು ಸುತ್ತಿ ಅಂಕಲ್ ಕೈಗೆ ಕೊಟ್ಟರು. ಆಮೇಲೆ ನನಗೆ ಹೇಳಿದರು: “ರಿಪೋರ್ಟಿನಲ್ಲಿ ಇದನ್ನು ಮುಚ್ಚಿಡಬೇಡ. ಚಿತ್ರದಲ್ಲಿ ಇವರೂ ಇರಬೇಕು. ಇವರ ಕೆಲಸವನ್ನು ಒಂದು ಸರ್ಕ್ಯೂಟ್ ಮಾಡುವುದಾದರೆ ಏನು ಬೇಕು ಅಂತ ಒಂದು ಅಧ್ಯಾಯ ಬರೆ. ಶುಕ್ರವಾರ ಸಹಿ ಹಾಕುತ್ತೇನೆ.”

ಆ ಅಧ್ಯಾಯಕ್ಕೆ ಹನ್ನೊಂದು ಪುಟ ಹಿಡಿಯಿತು. ಸಂಜೆ ಎರಡು ನಿಮಿಷದಲ್ಲಿ ಒಬ್ಬರು ಮುಳ್ಳು ನೋಡಿ, ಮುರಿದ ಚಕ್ರ ನೋಡಿ, ಯಾರಿಗೆ ರಜೆ ಎಂದು ತೀರ್ಮಾನಿಸುವುದಕ್ಕೆ ಎಷ್ಟು ಚಿಪ್‌ಗಳು ಬೇಕೆಂದು ಎಣಿಸುತ್ತಾ ಹೋದಷ್ಟೂ ನನಗೆ ಇನ್ನೂ ಎಣಿಸಬೇಕೆನಿಸುತ್ತಿತ್ತು. ಸರ್ ಸಹಿ ಹಾಕಿದ ಮರುದಿನ ರಿಪೋರ್ಟನ್ನು ಅಂಧೇರಿಗೆ ಒಯ್ದು ಮೂರನೆಯ ಪುಟದ ಚಿತ್ರ ತೋರಿಸಿದೆ. ಎಡಕ್ಕೆ ಪೆಟ್ಟಿಗೆಗಳ ನಾಲ್ಕು ಚೌಕ, ಬಲಕ್ಕೆ ರಿಸೀವರಿನ ಚೌಕ, ನಡುವೆ ಬಾಣಗಳ ಜೊತೆ ಇನ್ನೊಂದು ಚೌಕ.

ಅಂಕಲ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

“ಇದು ನಾನಾ?”

“ಹೌದು ಅಂಕಲ್.”

“ಚಂದ ಉಂಟು” ಎಂದರು. ಆಮೇಲೆ ಚೌಕದ ಮೇಲೆ ಬೆರಳನ್ನು ಗುಂಡಗೆ ಆಡಿಸಿ, “ಹೊಟ್ಟೆಯ ಹತ್ತಿರ ಸ್ವಲ್ಪ ಉರುಟು ಮಾಡಬೇಕಿತ್ತು” ಎಂದರು.